ಕಿವಿಗೆ ಬೂಚು

ಉದ್ಯಮಬಾಗ, ಮೂರನೇ ಅಡ್ಡರಸ್ತಾ, ಚೌಗಲೆ ಫೌಂಡ್ರಿ.
ಹಿಂದಿನ ಬಾಗಲಾ ಹೊಂದಿ ನನ್ನ ಕಟ್ಟಿ.
ಹದಿನೇಳು ವರ್ಷ ಇಲ್ಲೇ ಕುಂತೇನಿ
ಅರ್ಧ ಕಿಲೋದ ಸುತ್ತಿಗಿ ಹಿಡಕೊಂಡು.
ಆರಿದ ಬೀಡು ಬರತಾವ ಒಂದೊಂದ:
ಪಂಪಿನ ಹೊಟ್ಟಿ, ಬ್ರೇಕಿನ ತೋಳು, ವಾಲ್ವಿನ ಗಂಟಲ.
ಎತ್ತಿ ಹಿಡದು ಒಂದ ಪೆಟ್ಟು.
ಖಣ್ ಅಂದ್ರ ಬಲಕ್ಕ.
ಬದ್ ಅಂದ್ರ ಎಡಕ್ಕ, ಹೊಳ್ಳಿ ಭಟ್ಟಿಗೆ.
ಒಳಗ ಸೀಳಿದ್ದು, ಗಾಳಿ ನುಂಗಿದ್ದು
ಮಾರಿ ಮ್ಯಾಲ ಕಾಣಂಗಿಲ್ಲ.
ಮನಷ್ಯಾರಂಗ ಅಂತ ಹೇಳಂಗಿಲ್ಲ ನಾ,
ಮನಷ್ಯಾರನ್ನ ಹಂಗ ಬಡದು ನೋಡಿಲ್ಲ.

ದೀಪಾವಳಿಯಿಂದ ಮಾತು ನಡದಿತ್ತು.
ಧರಣೇಂದ್ರ ಸಾಹುಕಾರ್ರು ದಿನಾ ಇಸ್ತ್ರಿ ಅಂಗಿ ತೊಟ್ಟು ಬರಾಕ ಹತ್ತಿದ್ರು.
ಗೇಟಿಗೆ ಬಣ್ಣ ಹೊಡದ್ರು,
ಉಸುಕಿನ ರಾಶಿ ಸುತ್ತ ಹಳದಿ ಗೆರಿ ಎಳದ್ರು
ಇಷ್ಟರಾಗ ಇರು ಅಂತ. ಉಸುಕು ಕೇಳತೈತೇನ?
ಆಮ್ಯಾಲ ಇಟಲಿಯಿಂದ ನಾಕ ಮಂದಿ ಬಂದು ಸಹಿ ಹಾಕಿದ್ರು.
ಐವತ್ತೊಂದು ಅವರದು,
ನಲವತ್ತೊಂಬತ್ತು ಸಾಹುಕಾರ್ರದು.
ನಮಗ ಅಂಗೈಯಷ್ಟು ಡಬ್ಬಿ ಕುಂದಾ.

ಊಟದ ಹೊತ್ತಿಗೆ ದಸ್ತಗೀರ ಮಿಸ್ತ್ರಿ ಅಂದ,
'ಅಚ್ಚಿಗೆ ಎರಡ ಪೆಟಿಗಿ, ಮ್ಯಾಲಿಂದೊಂದು ಕೆಳಗಿಂದೊಂದು.
ನಡುವ ರಸ ಹೊಯ್ತೀವಿ.
ಹೊರಗ ಬಂದದ್ದು ಯಾ ಪೆಟಿಗೀದು, ಹೇಳ ನೋಡೂಣು?'
ಗ್ರೈಂಡರಿನ ಕಲ್ಮೇಶ ರೊಟ್ಟಿ ಮುರಕೋತ,
'ಎರಡೂ ಕೂಡಿದಲ್ಲಿ ಒಂದ ಗೆರಿ ಉಳೀತೈತಿ ಕಾಕಾ.
ಅದನ್ನ ತಿಕ್ಕಿ ತಿಕ್ಕಿ ನನ್ನ ಉಗುರ ಹ್ವಾದುವು.'

ಸುಳ್ಳ್ಯಾಕ ಹೇಳಲಿ, ಚಲೋನೂ ಆತು.
ಒಂದನೇ ತಾರೀಖಿಗೆ ಪಗಾರ, ಪಿಎಫ್ ಚೀಟಿ,
ಮೂಗಿಗೆ ಕಬ್ಬಣ ಇದ್ದ ಬೂಟು.
ಹೆಂಗಸರ ಸಂಡಾಸಕ್ಕ ಚಿಲಕ ಬಂತು.
ಹದಿನೇಳು ವರ್ಷ ಒಬ್ಬಾಕಿ ಒಳಗ ಹೋದ್ರ
ಇನ್ನೊಬ್ಬಾಕಿ ಬಾಗಲಕ್ಕ ಬೆನ್ನ ಕೊಟ್ಟು ನಿಂತೇವಿ.

ಆಮ್ಯಾಲೊಂದು ಸೋಮವಾರ ಬೂಚು ಬಂದುವು.
ಕಿತ್ತಳಿ ಬಣ್ಣದ ಎರಡ, ನಡುವ ನೀಲಿ ದಾರ.
ಸುರಕ್ಷಾದ ಪ್ರಾಚಿ ಮೇಡಂ ತಾವ ಹಾಕಿ ತೋರಿಸಿದ್ರು:
'ಎಂಬತ್ತೈದು ದಾಟಿದ ಸಪ್ಪಳ ಕಿವಿಗೆ ವಿಷ, ಯಲ್ಲೂಬಾಯಿ.
ಅಲ್ಲೂ ಇದೇ ನಿಯಮ, ಇಲ್ಲೂ ಇದೇ.'
'ಮತ್ತ ನಾ ಇಲ್ಲಿ ಏನ ಮಾಡ್ಲಿರಿ?' ಅಂದೆ.
ಮೇಡಂ ಫೈಲು ತಗದು ನೋಡಿದ್ರು.
ನನ್ನ ಹೆಸರಿನ ಮುಂದ 'ಸಹಾಯಕಿ' ಅಂತಿತ್ತು.
ಕಿವಿಗೆ ಅದರಾಗ ಕಾಲಂ ಇರಲಿಲ್ಲ.

ಬಿಳೇ ಮಷೀನ್ ಬಂತು. ಹುಡುಗೊಬ್ಬ ಕುಂತ.
ಬೀಡಿಗೆ ಜೆಲ್ಲಿ ಹಚ್ಚಿ, ಬಸರಿ ಹೊಟ್ಟಿಗೆ ಹಚ್ಚಿದಂಗ,
ಪರದೆದಾಗ ಹಸರು ತೆರಿ ನೋಡತಾನ.
ಶಾಣ್ಯಾ ಅದಾನ, ತಪ್ಪ ಇಲ್ಲ ಅವಂದು.

ಇಟಲಿಯವರು ಮತ್ತ ತಪಾಸಣಿಗೆ ಬಂದ ದಿನ
ಮಷೀನ್ ಹಸರು ಅಂದ ತುಂಡೊಂದು ನನ್ನ ಕಟ್ಟಿಗೆ ಬಂತು.
ಕೈ ಸುಮ್ನ ಇರಲಿಲ್ಲ.
ಎಡಗಿವಿ ಬೂಚು ಜಗ್ಗಿ ತಗದೆ, ಬಡದೆ.
ಬದ್.
ಜೋರಾಗೇನಲ್ಲ, ಬಾಯಿ ಮುಚ್ಚಿ ಕೆಮ್ಮಿದಂಗ.
ಸುಣ್ಣದ ಕಡ್ಡೀಲಿ ಗುಣಿಸು ಚಿಹ್ನಿ ಎಳದೆ.
ಸಾಹುಕಾರ್ರು ಮೇಡಂ ಮಾರಿ ನೋಡಿದ್ರು,
ಮೇಡಂ ಮಷೀನ್ ನೋಡಿದ್ರು,
ಹುಡುಗ ತನ್ನ ಜೆಲ್ಲಿ ಕೈ ನೋಡಿಕೊಂಡ.

ನಾಕ ಮಂದ್ಯಾಗ ಮುದಕ ಒಬ್ಬಾಂವ ಇದ್ದ.
ಬಂದು ಬಾಗಿ ಕೈ ಚಾಚಿದ.
ಸುತ್ತಿಗಿ ಕೊಟ್ಟೆ.
ತನ್ನ ಬೂಚೂ ತಗದ, ಎರಡೂ.
ಕಲ್ಮೇಶ ಗ್ರೈಂಡರ್ ಬಂದ್ ಮಾಡಿದ.
ಒಮ್ಮೆ ಬಡದ. ಮತ್ತೊಮ್ಮೆ.
ತಮ್ಮ ಮಾತಿನ್ಯಾಗ ಏನೋ ಅಂದ,
ಯಾರೂ ನನಗ ಬಿಡಿಸಿ ಹೇಳಲಿಲ್ಲ.
ಬಲಕ್ಕೂ ಇಡಲಿಲ್ಲ, ಎಡಕ್ಕೂ ಇಡಲಿಲ್ಲ,
ಕೂಸಿನಂಗ ಬಗಲಾಗ ಇಟಗೊಂಡು
ಕಾರಿಗೆ ಒಯ್ದ.

'ನಿನ್ನ ಪಗಾರ ಏರತೈತಿ' ಅಂತಾನ ಕಲ್ಮೇಶ.
'ಇಕೀನ ನೋಡಿ ಮಷೀನ್ ಸುಧಾರಿಸ್ತಾರ' ಅಂತಾನ ದಸ್ತಗೀರ.
ನಾಕ ತಿಂಗಳಾತು.
ಆ ತುಂಡು ಈಗ ಯಾರ ಮೇಜಿನ ಮ್ಯಾಲ ಐತೋ,
ಕೊಯ್ದು ನೋಡಿದ್ರೋ, ಮರತ್ರೋ.

ಬೂಚು ಕುತ್ತಿಗ್ಯಾಗ ಅದಾವ, ತಾಳಿ ಸರದ ಗುಂಟ.
ಮೇಡಂ ಬರೂದು ಕಂಡ್ರ ಎರಡೂ ತುರಕೋತೀನಿ,
ಆಕಿ ಹೊಳ್ಳಿದ ಕೂಡಲೆ ಒಂದ ತಗೀತೀನಿ.
ಒಂದ ಕಿವಿ ಅವರದು, ಒಂದ ನಂದು.
ಸಾಹುಕಾರ್ರಿಗೆ ಸಿಗದ ಪಾಲು ನೋಡ, ಸಮಾಸಮಾ.
ಹೂಂ, ಮುಂದಿಂದ ಕೊಡು.